ಪಾಲು ಇದ್ದವರ ಮಾತು

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ಆ ಕಂಪನಿ ಯುದ್ಧಕಾಲದಲ್ಲಿ ಕೈ ಬದಲಾದ ಕಥೆ ಷೇರುದಾರರಾದ ನಾವು ಕೇಳಬೇಕಾದ್ದು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ದಿವಾನರು ಮಿರ್ಜಾ ಇಸ್ಮಾಯಿಲ್. 1941ರ ಮಾರ್ಚಿನಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಮೂರನೇ ಒಂದು ಪಾಲು ಹಾಕಿತು. ಅಷ್ಟರಲ್ಲಿ ಜಪಾನಿನವರು ಸಿಂಗಪುರ, ರಂಗೂನ್ ಹಿಡಿದರು. 1942ರ ಏಪ್ರಿಲಿನಲ್ಲಿ ಸರ್ಕಾರ ವಾಲ್‌ಚಂದರ ಪಾಲು ಕೊಂಡುಕೊಂಡಿತು. ಕಟ್ಟಿದವರು ಒಂದೂವರೆ ವರ್ಷದೊಳಗೇ ಹೊರಗೆ! (ಜರ್ಮನರು ಹಿಡಿದಿದ್ದ ಫ್ರಾನ್ಸಿನಲ್ಲಿ ಅವರಿಗೆ ಲಾರಿ ಮಾಡಿಕೊಟ್ಟ ರೆನೋ ಕಂಪನಿಯೂ 1945ರಲ್ಲಿ ಸರ್ಕಾರದ ಪಾಲಾಯ್ತು.)

ಮೈಸೂರು ಮಾತ್ರ ಪಾಲು ಮಾರಲಿಲ್ಲ, ಆಡಳಿತ ಬಿಟ್ಟುಕೊಟ್ಟಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಿಮಾನಗಳ ರಿಪೇರಿಗೆ ಹೋಯ್ತು. ಆದರೂ ಷೇರು ಕೈಬಿಡದೆ ಇದ್ದದ್ದು ಜಾಣತನವೇ ಅಂತ ನಮ್ಮ ಅನಿಸಿಕೆ. ಹೊರಗೆ ನಿಂತವರ ಲೆಕ್ಕ ಯಾರು ಕೇಳ್ತಾರೆ?

ಅಲ್ಲಿ ದೊಡ್ಡವರದ್ದೇ ನಡೆಯಿತು. ನಮ್ಮ ಸಂಘದಲ್ಲಿ ಹತ್ತು ಷೇರಿದ್ದರೂ ಒಂದೇ ಓಟು. ಹೋದ ವರ್ಷ ಗೊಬ್ಬರ ಹಂಚಿಕೆಯಲ್ಲಿ ತಪ್ಪಾಯ್ತು, ಅದು ನಿರ್ದೇಶಕರಾದ ನಮ್ಮ ತಪ್ಪೇ. ಆ ಸಿಟ್ಟಿಗೆ ‘ಷೇರು ವಾಪಸ್ ಕೊಡಿ’ ಅಂತ ಅರ್ಜಿ ಬರೆದವರು ಇಲ್ಲೇ ಕೂತಿದ್ದೀರಿ. ಅರ್ಜಿಗಳು ಇನ್ನೂ ಫೈಲಿನಲ್ಲೇ ಇವೆ. ಊಟಕ್ಕೆ ಮುಂಚೆ ವಾಪಸ್ ತಗೊಂಡು, ಆ ಲೆಕ್ಕವನ್ನು ಈ ಸಭೆಯಲ್ಲೇ ಕೇಳಿ. ನಾವು ಪುಸ್ತಕ ತಂದಿದ್ದೇವೆ.