ಸಣ್ಣ ಎಂಜಿನ್ನಿನ ರಿಪೇರಿ: ಅಂಗಡಿಗೆ ಹೊರಡುವ ಮೊದಲು ಮಾಡಬೇಕಾದ ಲೆಕ್ಕ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಟ್ರ್ಯಾಕ್ಟರಿನ ಬಗ್ಗೆ, ಪವರ್ ಟಿಲ್ಲರಿನ ಬಗ್ಗೆ ಇಂಥ ಶಿಬಿರಗಳಲ್ಲಿ ತಾವು ಬೇಕಾದಷ್ಟು ಕೇಳಿದ್ದೀರಿ. ಇಂದು ಅವುಗಳಿಗಿಂತ ಚಿಕ್ಕ ಎಂಜಿನ್ನಿನ ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಹೆಗಲಿಗೆ ತೂಗುಹಾಕಿಕೊಂಡು ಕಳೆ ಕೊಚ್ಚುವ ಬ್ರಷ್ ಕಟರ್, ಸಾಲಿನ ನಡುವೆ ಓಡಿಸುವ ಪವರ್ ವೀಡರ್, ಬೆನ್ನಿಗೆ ಕಟ್ಟಿಕೊಳ್ಳುವ ಪವರ್ ಸ್ಪ್ರೇಯರ್ ಇವುಗಳ ಮೇಲೆ ಕುಳಿತಿರುವ ಎಂಜಿನ್ನು ಅದು. ಪಟ್ಟಣದ ಬಂಗಲೆಯ ಮುಂದೆ ಹುಲ್ಲುಹಾಸನ್ನು ಕತ್ತರಿಸುವ ಯಂತ್ರದಲ್ಲಿರುವುದೂ ಇದೇ ಜಾತಿಯ ಎಂಜಿನ್ನೇ. ಅಲ್ಲಿ ಅದು ಕೆಟ್ಟರೆ ಹುಲ್ಲು ಒಂದು ಗೇಣು ಬೆಳೆಯುತ್ತದೆ, ಅಷ್ಟೆ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಕೆಟ್ಟರೆ ಹೊಗೆಸೊಪ್ಪಿನ ಸಾಲು, ಶುಂಠಿ ಮಡಿ ಎರಡೂ ಕಳೆಯ ಪಾಲಾಗುತ್ತವೆ.

ಈ ಯಂತ್ರಗಳು ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಬಂದುದಕ್ಕೆ ಕಾರಣ ತಮಗೆ ಗೊತ್ತೇ ಇದೆ. ಆಳು ಸಿಗುವುದಿಲ್ಲ, ಸಿಕ್ಕರೂ ಬೇಕಾದ ದಿನ ಸಿಗುವುದಿಲ್ಲ. ಸರ್ಕಾರದ ಸಹಾಯಧನವೂ ಸೇರಿ ಯಂತ್ರವೇನೋ ಮನೆಗೆ ಬಂದಿತು. ಆದರೆ ಕೊಳ್ಳುವಾಗ ಸಿಕ್ಕುವ ಸಹಾಯಧನ ರಿಪೇರಿಗೆ ಸಿಕ್ಕುವುದಿಲ್ಲ. ಎರಡನೆಯ ವರ್ಷದಿಂದಾಚೆಗೆ ಯಂತ್ರದ ಖರ್ಚೆಲ್ಲ ನಮ್ಮ ಕೈಯಿಂದಲೇ ಹೋಗತಕ್ಕದ್ದು. ಹಾಗಾಗಿ ಅಂಗಡಿಯ ಬಿಲ್ಲು ಹೇಗೆ ಹುಟ್ಟುತ್ತದೆ ಎಂಬುದನ್ನು ರೈತನಾದವನು ತಿಳಿದಿರಬೇಕು.

ಬಿಲ್ಲಿನಲ್ಲಿ ಕಾಣುವುದು ಎರಡು ಬಾಬು, ಮೆಕ್ಯಾನಿಕ್ಕಿನ ಕೂಲಿ ಮತ್ತು ಬಿಡಿಭಾಗದ ಬೆಲೆ. ಕಾಣದ ಬಾಬು ಇನ್ನೂ ಎರಡಿವೆ. ಒಂದು, ಓಡಾಟ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಭಾಗ ಸಿಗದಿದ್ದರೆ ಮೈಸೂರಿಗೇ ಹೋಗಬೇಕು. ಕೋಟೆಯಿಂದ ಸುಮಾರು 50 ಕಿ.ಮೀ., ಪಿರಿಯಾಪಟ್ಟಣದಿಂದ 65-70 ಕಿ.ಮೀ. ಒಪ್ಪಿಸಲು ಒಂದು ಸಲ, ತರಲು ಇನ್ನೊಂದು ಸಲ. ಇನ್ನೊಂದು ಬಾಬು, ಯಂತ್ರ ಅಂಗಡಿಯಲ್ಲಿ ಕುಳಿತ ದಿನಗಳು. ಇದನ್ನು ಯಾರೂ ಬರೆದಿಡುವುದಿಲ್ಲ. ಉದಾಹರಣೆಗೆ ನಾಲ್ಕು ಆಳನ್ನು ಎರಡು ದಿನ, ತಲೆಗೆ 400 ರೂ. ಕೊಟ್ಟು ಕರೆದರೆ ಅಲ್ಲಿಗೇ 3,200 ರೂ. ಆಯಿತು. ಬಿಲ್ಲು 1,500 ರೂ. ಎಂದು ಅಂಗಡಿಯವರ ಮೇಲೆ ಮುನಿಯುವ ನಾವು ಈ 3,200ನ್ನು ಮರೆಯುತ್ತೇವೆ. (ಇಲ್ಲಿ ಹೇಳುವ ಹಣದ ಅಂಕಿಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡವು. ತಮ್ಮೂರಿನ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.)

ಅಂಗಡಿಗೆ ಒಯ್ಯುವ ಮೊದಲು ಮನೆಯಂಗಳದಲ್ಲೇ ಮೂರು ಪರೀಕ್ಷೆ ಮಾಡಬಹುದು. ಎಂಜಿನ್ನು ಓಡಲು ಬೇಕಾದುದು ಇಂಧನ, ಕಿಡಿ ಮತ್ತು ಕಂಪ್ರೆಷನ್ನು. ಇವುಗಳಲ್ಲಿ ಯಾವುದು ತಪ್ಪಿದೆ ಎಂದು ಗೊತ್ತಾದರೆ ಖರ್ಚಿನ ಅಂದಾಜೂ ಗೊತ್ತಾಗುತ್ತದೆ.

ಸ್ಟಾರ್ಟ್ ಆಗದ ಎಂಜಿನ್ನಿನ ಪ್ಲಗ್ಗನ್ನು ಬಿಚ್ಚಿ ನೋಡಿ. ಹಲವು ಸಲ ಹಗ್ಗ ಎಳೆದ ನಂತರವೂ ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲು ಒಳಗೆ ಬರುತ್ತಿಲ್ಲ. ದೋಷ ಟ್ಯಾಂಕಿನ ಫಿಲ್ಟರಿನಲ್ಲೋ, ನಳಿಕೆಯಲ್ಲೋ, ಕಾರ್ಬೊರೇಟರಿನಲ್ಲೋ ಇದೆ. ತುದಿ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಅಥವಾ ಕಿಡಿ ಇಲ್ಲ. ಆಗ ಪ್ಲಗ್ಗನ್ನು ಒರೆಸಿ, ತಂತಿಯ ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಹಗ್ಗ ಎಳೆಯಿರಿ. ನೆರಳಿನಲ್ಲಿ ನೋಡಿದರೆ ನೀಲಿ ಕಿಡಿ ಕಾಣಬೇಕು. ಈ ಪರೀಕ್ಷೆಯನ್ನು ಪ್ಲಗ್ಗಿನ ತೂತಿನಿಂದ ದೂರದಲ್ಲಿ, ಚೆಲ್ಲಿದ ಪೆಟ್ರೋಲನ್ನು ಒರೆಸಿದ ಮೇಲೆಯೇ ಮಾಡತಕ್ಕದ್ದು. ಬೀಡಿ ಹಚ್ಚಿಕೊಂಡವರು ಹತ್ತಿರ ಬರಕೂಡದು. ಕಿಡಿ ಬಾರದಿದ್ದರೆ ಮೊದಲು ಆಫ್ ಸ್ವಿಚ್ಚನ್ನು ನೋಡಿ, ಆಮೇಲೆ ಹೊಸ ಪ್ಲಗ್ಗು ಹಾಕಿ ನೋಡಿ. ಸ್ವಿಚ್ಚು ಆಫ್ ಆಗಿದ್ದ ಯಂತ್ರವನ್ನೇ ಬಸ್ಸಿನ ಮೇಲೆ ಹಾಕಿಕೊಂಡು ಬಂದವರು ಉಂಟು ಎಂದು ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ನಗುತ್ತ ಹೇಳುತ್ತಾರೆ.

ಮೂರನೆಯದು ಕಂಪ್ರೆಷನ್ನು. ಪ್ಲಗ್ಗು ಬಿಗಿದಿರುವಾಗ ಹಗ್ಗವನ್ನು ನಿಧಾನವಾಗಿ ಎಳೆದರೆ ಒಂದು ಹಂತದಲ್ಲಿ ಕೈಗೆ ತಡೆ ಸಿಗಬೇಕು. ಯಾವ ತಡೆಯೂ ಇಲ್ಲದೆ ಹಗ್ಗ ಸಲೀಸಾಗಿ ಬಂದರೆ ರಿಂಗು, ಪಿಸ್ಟನ್ನು, ವಾಲ್ವು ಅಥವಾ ಗ್ಯಾಸ್ಕೆಟ್ಟಿನ ಕೆಲಸವಿದೆ ಎಂದು ತಿಳಿಯಿರಿ. ಹಗ್ಗ ಅಲುಗಾಡದೆ ನಿಂತರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿರುವ ಸಂಭವ ಹೆಚ್ಚು. ಮೊದಲ ಎರಡು ದೋಷಗಳು ಸಾಮಾನ್ಯವಾಗಿ ನೂರರ ಲೆಕ್ಕದಲ್ಲಿ ಮುಗಿಯುತ್ತವೆ. ಮೂರನೆಯದು ಸಾವಿರದ ಲೆಕ್ಕ. ಆದ್ದರಿಂದ ಅಂಗಡಿಯ ಕಟ್ಟೆ ಹತ್ತುವ ಮೊದಲೇ ತಮ್ಮದು ಯಾವ ಲೆಕ್ಕ ಎಂಬುದು ತಿಳಿದಿರಲಿ.

ಈಗ ಸಾವಿರದ ಲೆಕ್ಕ ಏಕೆ ಬರುತ್ತದೆ ನೋಡೋಣ. ಇದರಲ್ಲಿ ಊರಿಂದೂರಿಗೆ ವ್ಯತ್ಯಾಸವಿದೆ. ಹುಣಸೂರು, ಕೋಟೆ, ಪಿರಿಯಾಪಟ್ಟಣದ ಕೆಂಪು ಮಣ್ಣಿನ ಹೊಲಗಳಲ್ಲಿ ಎಂಜಿನ್ನಿನ ಶತ್ರು ಧೂಳು. ಏರ್ ಫಿಲ್ಟರು ಹರಿದಿದ್ದರೆ ಅಥವಾ ಅದನ್ನು ಕಿತ್ತೆಸೆದು ಓಡಿಸಿದರೆ ಆ ಧೂಳು ಪೆಟ್ರೋಲಿನ ಜೊತೆಗೇ ಸಿಲಿಂಡರಿಗೆ ಇಳಿದು ಉಪ್ಪುಕಾಗದದಂತೆ ರಿಂಗನ್ನು ಉಜ್ಜುತ್ತದೆ. ‘ಫಿಲ್ಟರು ತೆಗೆದರೆ ಎಂಜಿನ್ನು ಚೆನ್ನಾಗಿ ಎಳೆಯುತ್ತದೆ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಆ ಚೆನ್ನಾಟ ಹೆಚ್ಚು ದಿನ ಉಳಿಯುವುದಿಲ್ಲ. ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರಾ ಒಣಗಿಸಿ, ಶುದ್ಧ ಎಂಜಿನ್ ಆಯಿಲಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಹಾಕಬೇಕು. ಪುಸ್ತಕದಲ್ಲಿ 50 ಗಂಟೆಗೊಮ್ಮೆ ಎಂದು ಬರೆದಿದ್ದರೂ ಬೇಸಿಗೆಯ ಧೂಳಿನಲ್ಲಿ ಅಷ್ಟು ಕಾಯುವುದು ತರವಲ್ಲ. ಕಾಗದದ ಫಿಲ್ಟರಾದರೆ ತೊಳೆಯಬಾರದು. ತಟ್ಟಿ ಧೂಳು ಉದುರಿಸಬೇಕು, ಹಾಳಾದರೆ ಬದಲಿಸಬೇಕು.

ಕೃಷ್ಣರಾಜನಗರದ ಗದ್ದೆ ಬಯಲಿನಲ್ಲಿ ಕಥೆ ಬೇರೆ. ಅಲ್ಲಿ ಬದುವಿನ ಹುಲ್ಲು ಕೊಚ್ಚುವಾಗ ಕೆಸರು, ಹುಲ್ಲಿನ ಚೂರು ಸಿಡಿದು ಸಿಲಿಂಡರಿನ ಸುತ್ತಲಿನ ತೆಳು ರೆಕ್ಕೆಗಳ ನಡುವೆ ಕೂರುತ್ತವೆ. ಈ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ, ಆ ರೆಕ್ಕೆಗಳ ಮೇಲೆ ಬೀಸುವ ಗಾಳಿಯೇ ತಂಪು. ಅವು ಮುಚ್ಚಿಹೋದರೆ ಎಂಜಿನ್ನು ಕಾದು ಪಿಸ್ಟನ್ನು ಕಚ್ಚುತ್ತದೆ. ಆರಿದ ಮೇಲೆ ಒಂದು ಕಡ್ಡಿ, ಒಂದು ಬ್ರಷ್ಷು ಹಿಡಿದು ಹತ್ತು ನಿಮಿಷ ಕೂತರೆ ಸಾಕು, ಸ್ವಚ್ಛವಾಗುತ್ತದೆ.

ಇನ್ನು ಆಯಿಲು. ಇಲ್ಲಿ ಆಗುವಷ್ಟು ನಷ್ಟ ಬೇರೆಲ್ಲೂ ಆಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲು ಬೆರೆಸಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಅಂದಾಜಿನಲ್ಲಿ ಸುರಿಯದೆ ಅಳತೆಯ ಮುಚ್ಚಳದಲ್ಲೋ ಸಿರಿಂಜಿನಲ್ಲೋ ಅಳೆಯಿರಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲು ಬೇರೆ, ಆಯಿಲು ಬೇರೆ; ಟ್ಯಾಂಕಿಗೆ ಆಯಿಲು ಬೆರೆಸಕೂಡದು. ಒಂದೇ ಮನೆಯಲ್ಲಿ ಎರಡು ಸ್ಟ್ರೋಕಿನ ಸ್ಪ್ರೇಯರು, ನಾಲ್ಕು ಸ್ಟ್ರೋಕಿನ ಬ್ರಷ್ ಕಟರು ಎರಡೂ ಇದ್ದರೆ ಅನಾಹುತಕ್ಕೆ ಹೆಚ್ಚು ಹೊತ್ತು ಬೇಡ. ಕೂಲಿಗೆ ಬಂದ ಹುಡುಗ ಕೈಗೆ ಸಿಕ್ಕ ಕ್ಯಾನಿನಿಂದ ಬರೀ ಪೆಟ್ರೋಲನ್ನು ಸ್ಪ್ರೇಯರಿಗೆ ಸುರಿಯುತ್ತಾನೆ. ಸ್ವಲ್ಪ ಹೊತ್ತು ಓಡಿ ಎಂಜಿನ್ನು ನಿಲ್ಲುತ್ತದೆ, ಮತ್ತೆ ಏಳುವುದಿಲ್ಲ. ಪಿಸ್ಟನ್ನು, ಸಿಲಿಂಡರು ಎರಡೂ ಹೋದವು. ಎರಡು ಕ್ಯಾನಿಗೆ ಎರಡು ಬಣ್ಣ ಬಳಿಯಿರಿ, ಅದೇ ಬಣ್ಣವನ್ನು ಯಂತ್ರದ ಟ್ಯಾಂಕಿನ ಮುಚ್ಚಳಕ್ಕೂ ಬಳಿಯಿರಿ. ಓದು ಬಾರದವರಿಗೂ ಇದು ಅರ್ಥವಾಗುತ್ತದೆ.

ಸುಮಾರು 35 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಬ್ರಷ್ ಕಟರಿಗೆ ಹಿಡಿಯುವ ಆಯಿಲು 100 ಮಿ.ಲೀ. ಆಸುಪಾಸು, ಅಂದರೆ ಒಂದು ಕಾಫಿ ಲೋಟದಷ್ಟು. 200 ಸಿ.ಸಿ.ಯ ವೀಡರಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಹೊಸ ಎಂಜಿನ್ನಿನಲ್ಲಿ ಮೊದಲ ಬದಲಾವಣೆ ಬೇಗ ಆಗಬೇಕು, 200 ಸಿ.ಸಿ. ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಮೊದಲು 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ. ತಮ್ಮ ಯಂತ್ರದ ಪುಸ್ತಕ ಏನು ಹೇಳುತ್ತದೋ ಅದೇ ಅಂತಿಮ. ಇಷ್ಟು ಕಡಿಮೆ ಆಯಿಲಿನಲ್ಲಿ ಓಡುವ ಎಂಜಿನ್ನಿನಲ್ಲಿ ಅರ್ಧ ಲೋಟ ಸೋರಿಹೋದರೂ ಗಂಡಾಂತರ. ಆದುದರಿಂದ ಪ್ರತಿ ದಿನ ಬೆಳಿಗ್ಗೆ ಸಮತಟ್ಟಾದ ನೆಲದ ಮೇಲಿಟ್ಟು ಮಟ್ಟ ನೋಡಿಯೇ ಹಗ್ಗ ಎಳೆಯಬೇಕು.

ಸರಿ, ಎಲ್ಲ ನೋಡಿಕೊಂಡರೂ ಯಂತ್ರ ಅಂಗಡಿ ಸೇರಿತು ಎನ್ನೋಣ. ಮೆಕ್ಯಾನಿಕ್ಕು ಬಿಚ್ಚಿ ನೋಡಿ ‘ನಾಲ್ಕು ಸಾವಿರ ಆಗುತ್ತದೆ’ ಎಂದರು. ಕೊಡಬೇಕೇ, ಹೊಸದು ಕೊಳ್ಳಬೇಕೇ? ಅನೇಕರು ಹೊಸ ಯಂತ್ರದ ಬೆಲೆಯ ಅರ್ಧಕ್ಕಿಂತ ರಿಪೇರಿ ಹೆಚ್ಚಾದರೆ ಬೇಡ ಎನ್ನುತ್ತಾರೆ. ಬಾಯಿಲೆಕ್ಕಕ್ಕೆ ಅದು ಅಡ್ಡಿಯಿಲ್ಲ, ಆದರೆ ಗಂಟೆಯ ಲೆಕ್ಕ ಅದಕ್ಕಿಂತ ನ್ಯಾಯವಾದದ್ದು. ಹೊಸ ಯಂತ್ರಕ್ಕೆ 15,000 ರೂ. ಎಂದಿಟ್ಟುಕೊಳ್ಳಿ, ಕೊನೆಗೆ ಗುಜರಿಗೆ 1,500 ರೂ. ಬರುತ್ತದೆ, 1,000 ಗಂಟೆ ದುಡಿಯುತ್ತದೆ. ಗಂಟೆಗೆ 13 ರೂ. 50 ಪೈಸೆ ಬಿತ್ತು. ಹಳೆಯದಕ್ಕೆ 4,000 ರೂ. ಹಾಕಿದರೆ ಇನ್ನು 300 ಗಂಟೆ ದುಡಿಯುವುದಾದರೆ ಗಂಟೆಗೆ ಸುಮಾರು 13 ರೂ. 30 ಪೈಸೆ. ಎರಡೂ ಒಂದೇ ಆಯಿತು. ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲಿ ರಿಪೇರಿಯೇ ಮೇಲು. ಆದರೆ ಗೇರ್ ಹೆಡ್ಡು ಸವೆದಿದೆ, ಕ್ಲಚ್ಚು ಜಾರುತ್ತಿದೆ, ಇನ್ನು 100 ಗಂಟೆಗೆ ಮತ್ತೆ ನಿಲ್ಲುತ್ತದೆ ಎನ್ನುವಂತಿದ್ದರೆ ಗಂಟೆಗೆ 40 ರೂ.! ಆಗ ಆ 4,000 ರೂ. ಹಾಕುವುದು ದಂಡ. ಹೀಗಾಗಿ ಮೆಕ್ಯಾನಿಕ್ಕನ್ನು ‘ಎಷ್ಟಾಗುತ್ತದೆ’ ಎಂದು ಮಾತ್ರ ಕೇಳಬೇಡಿ, ‘ಇದಾದ ಮೇಲೆ ಇನ್ನೇನು ಬಾಕಿ ಇದೆ’ ಎಂದೂ ಕೇಳಿರಿ. ಒಳ್ಳೆಯ ಕೆಲಸಗಾರ ಇದಕ್ಕೆ ಉತ್ತರ ಕೊಡುತ್ತಾನೆ.

ಯಂತ್ರ ಕೊಳ್ಳುವಾಗಲೇ ಈ ಲೆಕ್ಕದ ಅರ್ಧ ನಿರ್ಧಾರವಾಗಿರುತ್ತದೆ. ಎರಡು ಸಾವಿರ ಕಡಿಮೆಗೆ ಬಂತೆಂದು ಹೆಸರೇ ಕೇಳದ ಯಂತ್ರ ತಂದರೆ, ಅದರ ಡಯಾಫ್ರಾಂ ಹರಿದ ದಿನ ಮೈಸೂರಿನಲ್ಲೂ ಸಿಗದೆ ಇಡೀ ಕಾರ್ಬೊರೇಟರನ್ನೇ ಬದಲಿಸಬೇಕಾಗುತ್ತದೆ. ಬಿಡಿಭಾಗ ತಾಲ್ಲೂಕಿನಲ್ಲೇ ಸಿಗುವ ಯಂತ್ರ ಬೆಲೆ ಹೆಚ್ಚಾದರೂ ಅಗ್ಗ.

ಅಂಗಡಿಯವರೊಡನೆ ವ್ಯವಹಾರ ಹೇಗಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಬಿಚ್ಚುವ ಮೊದಲು ಬಿಚ್ಚಿ ನೋಡುವ ಕೂಲಿ ಎಷ್ಟು ಎಂದು ಕೇಳಿ. ರಿಪೇರಿ ಬೇಡವೆಂದರೂ ಅದನ್ನು ಕೊಡುವುದು ನ್ಯಾಯ. ಬಿಚ್ಚಿದ ಮೇಲೆ ಒಂದು ಚೀಟಿಯಲ್ಲಿ ಭಾಗಗಳ ಹೆಸರು, ಬೆಲೆ, ಕೂಲಿ ಬರೆಸಿಕೊಳ್ಳಿ. ಅದಕ್ಕಿಂತ ಹೆಚ್ಚಾಗುವಂತಿದ್ದರೆ ಫೋನು ಮಾಡಿ ಕೇಳಿಯೇ ಮುಂದುವರಿಯಲಿ. ಕಂಪೆನಿಯ ಭಾಗವೋ, ನಕಲಿಯೋ ಎಂಬುದೂ ಚೀಟಿಯಲ್ಲಿರಲಿ. ಬದಲಿಸಿದ ಹಳೆಯ ಭಾಗವನ್ನು ವಾಪಸು ಕೇಳಿ ಪಡೆಯಿರಿ. ಇದು ಸಂಶಯದ ಮಾತಲ್ಲ, ಹಳೆಯ ಪಿಸ್ಟನ್ನಿನ ಮೇಲಿನ ಗೀರು ನೋಡಿದರೆ ಎಂಜಿನ್ನು ಏಕೆ ಕೆಟ್ಟಿತೆಂದು ನಮಗೇ ತಿಳಿಯುತ್ತದೆ. ವಾರಂಟಿಯೊಳಗಿನ ಯಂತ್ರವನ್ನು ಹೊರಗಿನ ಅಂಗಡಿಯಲ್ಲಿ ಬಿಚ್ಚಿಸುವ ಮೊದಲು ಕಾರ್ಡನ್ನು ಓದಿಸಿ ನೋಡಿ. ಪ್ಲಗ್ಗು, ಫಿಲ್ಟರು ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ.

ಬಿಲ್ಲು ಇದ್ದರೆ ನ್ಯಾಯವೂ ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಹಣ ಪಡೆದು ಮಾಡಿದ ರಿಪೇರಿಯೂ ಸೇವೆಯೇ. ಕೆಟ್ಟ ಕೆಲಸಕ್ಕೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ಅದರಲ್ಲಿ ಕೃಷಿ ಯಂತ್ರೋಪಕರಣಗಳನ್ನೂ ಸೇರಿಸಲಾಗಿದೆ. ಆದರೆ ಕೈಬರಹದ ಚೀಟಿಯೂ ಇಲ್ಲದೆ ಹೋದರೆ ಯಾವ ಆಯೋಗವೂ ಹೆಚ್ಚು ಸಹಾಯ ಮಾಡಲಾರದು.

ವರ್ಷದಲ್ಲಿ ಕೆಲವೇ ದಿನ ಯಂತ್ರ ಬೇಕಾದವರು ಸ್ವಂತಕ್ಕೆ ಕೊಳ್ಳುವ ಬದಲು ಬಾಡಿಗೆಗೆ ತರುವುದನ್ನೂ ಯೋಚಿಸಬೇಕು. 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೇ ಇದು. ನಾಲ್ಕು ಮನೆಯವರು ಸೇರಿ ಒಂದು ಯಂತ್ರ ಕೊಳ್ಳುವುದೂ ಉಂಟು. ಹಾಗೆ ಕೊಂಡರೆ ಗಂಟೆ ಬರೆಯುವ ಒಂದು ನೋಟುಪುಸ್ತಕವನ್ನು ಯಂತ್ರದ ಜೊತೆಗೇ ಕಟ್ಟಿರಿ, ಇಲ್ಲವಾದರೆ ರಿಪೇರಿಯ ದಿನ ನಾಲ್ಕು ಮನೆಯ ನೆಂಟಸ್ತನವೂ ಕೆಡುತ್ತದೆ.

ಕೊನೆಯದಾಗಿ ಯಂತ್ರವನ್ನು ಕಟ್ಟಿಡುವ ವಿಷಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಸಾಮಾನ್ಯವಾಯಿತು. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಹಳೆಯ ಕಾಲದ ಯಂತ್ರಗಳ ರಬ್ಬರ್ ನಳಿಕೆ, ಡಯಾಫ್ರಾಂಗಳನ್ನು ಉಬ್ಬಿಸುವುದೂ ಉಂಟು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಜೆಟ್ಟನ್ನು ಮುಚ್ಚುತ್ತದೆ. ಆದ್ದರಿಂದ ಒಂದು ತಿಂಗಳಿಗೆ ಮೀರಿ ಯಂತ್ರ ನಿಲ್ಲುವುದಾದರೆ ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ನನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ವೀಡರಾದರೆ ಕಾರ್ಬೊರೇಟರಿನ ಬಟ್ಟಲಿನ ತಳದ ಬೋಲ್ಟನ್ನು ಸಡಿಲಿಸಿ ಉಳಿದುದನ್ನೂ ಇಳಿಸಿ. ಪ್ಲಗ್ಗಿನ ತೂತಿಗೆ ಒಂದು ಚಮಚ ಆಯಿಲು ಬಿಟ್ಟು, ಹಗ್ಗವನ್ನು ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ಗು ಬಿಗಿದು ಒಣಗಿದ ಜಾಗದಲ್ಲಿಡಿ. ಬ್ಯಾರನ್ನಿನ ಒಳಗಾಗಲಿ ಗೊಬ್ಬರದ ಮೂಟೆಯ ಪಕ್ಕದಲ್ಲಾಗಲಿ ಬೇಡ. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ತುಕ್ಕು.

ದೊಡ್ಡ ಕೆಲಸವಿದ್ದರೆ ಅದನ್ನು ಜನವರಿ, ಫೆಬ್ರವರಿಯಲ್ಲೇ ಮಾಡಿಸಿ. ಆಗ ಅಂಗಡಿ ಖಾಲಿ ಇರುತ್ತದೆ, ಮೆಕ್ಯಾನಿಕ್ಕಿಗೆ ಪುರುಸೊತ್ತು ಇರುತ್ತದೆ, ಮೈಸೂರಿನಿಂದ ಭಾಗ ಬರಲು ಒಂದು ವಾರವಾದರೂ ಬೆಳೆ ಕಾಯುತ್ತಿರುವುದಿಲ್ಲ. ಈಗ ಹೊರಗೆ ಎರಡು ಎಂಜಿನ್ನುಗಳನ್ನು ಬಿಚ್ಚಿ ಇಡಲಾಗಿದೆ. ತಾವೇ ಪ್ಲಗ್ಗು ಬಿಚ್ಚಿ ಕಿಡಿ ನೋಡಬಹುದು, ಬನ್ನಿ.