ಕ್ಯಾಮು ಬದಲಾಗುವ ಗಳಿಗೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಂಜಿನಿಯರನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಆದರೆ ಹಳೆಯ ಹೋಂಡಾ ಸಿಟಿ ವಿಟೆಕ್ ಕಾರೊಂದನ್ನು ಕೊಂಡು, ಕೆಡಿಸಿ, ಮತ್ತೆ ಸರಿಪಡಿಸಿಕೊಂಡ ಅನುಭವ ನನಗುಂಟು. ಹಬ್ಬಕ್ಕೆ ಹೈದರಾಬಾದಿನಿಂದ ಊರಿಗೆ ಕಾರಿನಲ್ಲಿ ಹೋಗುವವರು ನಮ್ಮಲ್ಲಿ ಅನೇಕರಿರುವುದರಿಂದ ಅದನ್ನೇ ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ.

ಎಂಜಿನ್ನು ಉಸಿರಾಡುವುದು ವಾಲ್ವುಗಳ ಮೂಲಕ. ವಾಲ್ವನ್ನು ತೆರೆಯುವುದು ಕ್ಯಾಮು ಎಂಬ ಮೊಟ್ಟೆಯಾಕಾರದ ಉಬ್ಬು. ಎಂಜಿನ್ನು ನಿಧಾನವಾಗಿ ತಿರುಗುವಾಗ ವಾಲ್ವು ಬೇಗ ಮುಚ್ಚಬೇಕು. ಇಲ್ಲವಾದರೆ ಒಳಗೆ ಬಂದ ಗಾಳಿಯನ್ನು ಪಿಸ್ಟನ್ನು ಹಿಂದಕ್ಕೇ ತಳ್ಳಿಬಿಡುತ್ತದೆ. ವೇಗವಾಗಿ ತಿರುಗುವಾಗ ಗಾಳಿಗೆ ಒಳಬರಲು ವೇಳೆಯೇ ಸಾಲದು. ಆಗ ವಾಲ್ವು ಹೆಚ್ಚು ತೆರೆದು ತಡವಾಗಿ ಮುಚ್ಚಬೇಕು. ಒಂದೇ ಕ್ಯಾಮು ಈ ಎರಡು ಕೆಲಸವನ್ನೂ ಚೆನ್ನಾಗಿ ಮಾಡಲಾರದು. ಆದುದರಿಂದ 1989ರಲ್ಲಿ ಹೋಂಡಾದವರು ಇಂಟೆಗ್ರಾ ಕಾರಿನಲ್ಲಿ ಎರಡು ಬಗೆಯ ಕ್ಯಾಮುಗಳನ್ನು ಒಂದೇ ದಂಡದ ಮೇಲೆ ಕೂರಿಸಿದರು, 1.6 ಲೀಟರಿನ ಆ ಎಂಜಿನ್ನು 160 ಅಶ್ವಶಕ್ತಿ ಕೊಟ್ಟಿತು. ನಿಗದಿಯಾದ ವೇಗ ಬಂದೊಡನೆ ಕಾರಿನ ಕಂಪ್ಯೂಟರು ಎಣ್ಣೆಗೆ ದಾರಿ ಬಿಡುತ್ತದೆ. ಎಣ್ಣೆಯ ಒತ್ತಡಕ್ಕೆ ಪಿನ್ನು ಸರಿದು ರಾಕರ್ ತೋಳುಗಳನ್ನು ಜೋಡಿಸುತ್ತದೆ. ಅಲ್ಲಿಂದ ಮುಂದೆ ದೊಡ್ಡ ಕ್ಯಾಮಿನ ಆಳ್ವಿಕೆ.

ದೊಡ್ಡ ಕ್ಯಾಮು ಒಳ್ಳೆಯದಾದರೆ ಅದು ಬೇಗ ಬಂದಷ್ಟೂ ಒಳ್ಳೆಯದಲ್ಲವೇ ಎಂದು ನನಗೆ ದುರಾಸೆ ಹುಟ್ಟಿತು. ಮೆಕಾನಿಕನೊಬ್ಬನಿಂದ ಒಂದು ಸಣ್ಣ ಪೆಟ್ಟಿಗೆ ಹಾಕಿಸಿ, ಬದಲಾವಣೆಯನ್ನು ನಿಮಿಷಕ್ಕೆ 3,500 ಸುತ್ತಿಗೆ ಇಳಿಸಿದೆ. ಸಂಕ್ರಾಂತಿಗೆ ರಾಯಚೂರಿಗೆ ಹೊರಟೆವು. ಮಹಬೂಬನಗರ ದಾಟಿ ಮಕ್ತಲ್ ಕಡೆಗೆ ಹೋಗುವಾಗ, ಹತ್ತಿ ತುಂಬಿದ ಲಾರಿಯೊಂದನ್ನು ಹಿಂದಿಕ್ಕಲು ಬಲಕ್ಕೆ ಬಂದೆ. ದೂರದಲ್ಲಿ ಎದುರಿನಿಂದ ಬಸ್ಸು. ಮೂರನೆಯ ಗೇರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿದೆ. ಸದ್ದು ಜೋರಾಯಿತು, ಎಳೆತ ಕುಸಿಯಿತು! ಬ್ರೇಕು ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡೆ. ಹಿಂದಿನ ಸೀಟಿನಲ್ಲಿದ್ದ ನಮ್ಮ ತಾಯಿಯವರು ಏನೂ ಅನ್ನಲಿಲ್ಲ; ರಾಯಚೂರು ಬರುವವರೆಗೆ ಮಗುವನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದರು.

ಮರಳಿ ಬಂದವನು ಬದಲಾವಣೆಯನ್ನು 5,800ಕ್ಕೆ ಏರಿಸಿದೆ. ಈಗ ಕಾರು ಆ ವೇಗ ಮುಟ್ಟಿದೊಡನೆ ಬೆನ್ನಿಗೆ ಗುದ್ದಿದಂತೆ ಮುಂದಕ್ಕೆ ನೆಗೆಯುತ್ತಿತ್ತು. ಗೆಳೆಯರು ಭೇಷ್ ಎಂದರು. ಆದರೆ ಆ ನೆಗೆತವೇನು? ಸಂಬಳ ಪರಿಷ್ಕರಣೆಯ ಅರಿಯರ್ಸ್ ಒಂದೇ ಸಲ ಕೈಗೆ ಬಂದರೆ ನಮಗೆ ಹಿಗ್ಗೋ ಹಿಗ್ಗು. ಅಷ್ಟು ತಿಂಗಳು ಕಡಮೆ ತೆಗೆದುಕೊಂಡದ್ದು ಆಗ ನೆನಪಿಗೆ ಬರುವುದಿಲ್ಲ. ಇದೂ ಹಾಗೆಯೇ. ಚಿಕ್ಕ ಕ್ಯಾಮು ಅಷ್ಟುಹೊತ್ತಿಗೆ ಸೋತು ಹೋಗಿತ್ತು. ಆ ನಷ್ಟದ ಅಳತೆಯೇ ನನ್ನ ಬೆನ್ನಿಗೆ ಬಿದ್ದ ಗುದ್ದು.

ಕೊನೆಗೆ ಬುದ್ಧಿವಂತರೊಬ್ಬರು ಕಾರನ್ನು ಡೈನೋದ ಉರುಳೆಗಳ ಮೇಲೆ ನಿಲ್ಲಿಸಿದರು. ಮೊದಲು ಕೇವಲ ಚಿಕ್ಕ ಕ್ಯಾಮಿನಲ್ಲಿ, ಆಮೇಲೆ ಕೇವಲ ದೊಡ್ಡದರಲ್ಲಿ ಓಡಿಸಿ, ಎಳೆತದ ಎರಡು ಗೆರೆಗಳನ್ನು ಒಂದೇ ಕಾಗದದ ಮೇಲೆ ಬರೆದರು. ಗೆರೆಗಳು ಕೂಡಿದ್ದು ಸುಮಾರು 4,700ರಲ್ಲಿ. ಅಲ್ಲಿ ಬದಲಿಸಿದರೆ ಒಂದು ಬಿಟ್ಟ ಎಳೆತವನ್ನು ಇನ್ನೊಂದು ಅಷ್ಟೇ ಬಲದಿಂದ ಹಿಡಿಯುತ್ತದೆ. ಕುಳಿತವರಿಗೆ ಗೊತ್ತೇ ಆಗುವುದಿಲ್ಲ. ಇಳಿಯುವಾಗ ಮಾತ್ರ ಸ್ವಲ್ಪ ಕೆಳಗೆ ಬದಲಾಗಬೇಕು. ಇಲ್ಲದಿದ್ದರೆ ಅದೇ ವೇಗದಲ್ಲಿ ಹೋಗುವಾಗ ಕ್ಯಾಮು ಅತ್ತಿತ್ತ ಹೊಯ್ದಾಡುತ್ತದೆ.

ತಮಾಷೆಯೇನೆಂದರೆ, ಬೇರೇನೂ ಬದಲಾಯಿಸದ ನನ್ನ ಎಂಜಿನ್ನಿಗೆ ಕಾರ್ಖಾನೆಯವರು ಇಟ್ಟ ಸ್ಥಾನವೂ ಹೆಚ್ಚುಕಡಮೆ ಅದೇ ಆಗಿತ್ತು. ಪೆಟ್ಟಿಗೆಯನ್ನು ತೆಗೆಸಿಬಿಟ್ಟೆ. ಗಾಳಿಯ ಕೊಳವೆ, ಹೊಗೆ ಕೊಳವೆಗಳನ್ನು ಬದಲಿಸಿದ ಕಾರುಗಳಲ್ಲಿ ಆ ಸ್ಥಾನ ಸರಿಯಬಹುದು. ಅಂಥವರು ಅಳತೆ ಮಾಡಿಸದೆ ಕೈಹಾಕಬಾರದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ನಿರ್ಬಂಧವನ್ನೂ ಮೊದಲು ವಿಚಾರಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಂಚೆ ಎಣ್ಣೆಯ ಮಟ್ಟ ನೋಡಿರಿ. ಕ್ಯಾಮು ಬದಲಿಸುವುದು ಆ ಎಣ್ಣೆಯೇ.

ಯುಗಾದಿಗೆ ಮತ್ತೆ ಅದೇ ದಾರಿಯಲ್ಲಿ ಹೋದೆವು. ಮಕ್ತಲ್ ಹತ್ತಿರ ಎರಡು ಲಾರಿಗಳನ್ನು ಹಿಂದಿಕ್ಕಿದೆ. ನೆಗೆತವಿಲ್ಲ, ಕುಸಿತವಿಲ್ಲ. ತಾಯಿಯವರಿಗೆ ನಿದ್ದೆ. ಕೃಷ್ಣಾ ಸೇತುವೆಯ ಮೇಲೆ ಕಣ್ಣು ಬಿಟ್ಟು, “ಹೊಳಿ ಬಂತೇನೋ ಮಗಾ?” ಎಂದರು. ಆ ದಿನ ನನಗೆ ಸಿಕ್ಕ ಪ್ರಶಸ್ತಿ ಅದೇ.