ಬೋರ್ಡ್ ಇದೆ, ಬೀಗವೂ ಇದೆ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಮನೆಯಿಂದ ಹೊರಡೋ ಮುಂಚೆ ನೀರು ಕುಡಿಯೋಕೆ ಯಾವತ್ತಾದ್ರೂ ಹೆದರಿದ್ದೀರಾ?

ನನ್ನ ಗೆಳತಿಯೊಬ್ಬಳು ವೀಲ್‌ಚೇರ್ ಬಳಸ್ತಾಳೆ. ಹೊರಗೆ ಹೋಗೋ ದಿನ ಬೆಳಗ್ಗೆಯಿಂದಲೇ ನೀರು ಮುಟ್ಟಲ್ಲ. ಕಾರಣ ಟಾಯ್ಲೆಟ್. ಈಚೆಗೆ ಇಬ್ಬರೂ ಒಂದು ಬಸ್ ನಿಲ್ದಾಣದಲ್ಲಿದ್ವಿ. ವೀಲ್‌ಚೇರ್ ಚಿತ್ರದ ನೀಲಿ ಬೋರ್ಡ್ ಇತ್ತು, ರ‍್ಯಾಂಪ್ ಇತ್ತು. ಬಾಗಿಲಿಗೆ ಬೀಗ! ಕೀ ಹುಡುಕಿಸಿ ತೆಗೆಸಿದ್ರೆ ಒಳಗೆ ಪೊರಕೆ, ಬಕೆಟ್, ಫಿನಾಯಿಲ್ ಕ್ಯಾನ್. ನಾನು ಓದಿದ್ದು ಬಿಕಾಂ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪುಸ್ತಕದಲ್ಲಿ ಆಸ್ತಿ, ಬಳಕೆಗೆ ಸೊನ್ನೆ.

ಸರಿ, ಬೀಗ ತೆಗೆದ್ರೆ ಸಾಕಾ? ಎಲ್ಲರಿಗೂ ಸಾಲದು. ವೀಲ್‌ಚೇರ್‌ನಿಂದ ಕಮೋಡ್‌ಗೆ ತಾವಾಗೇ ದಾಟಲು ಆಗದವರಿದ್ದಾರೆ. ಅವರ ಡೈಪರ್ ಬದಲಿಸಬೇಕಂದ್ರೆ ಮನೆಯವರು ಟಾಯ್ಲೆಟ್‌ನ ಒದ್ದೆ ನೆಲದ ಮೇಲೇ ಮಲಗಿಸಬೇಕು. ಇಪ್ಪತ್ತೈದು ವರ್ಷದ ಮಗನನ್ನು, ಮಗಳನ್ನು. ಸ್ವಲ್ಪ ಯೋಚಿಸಿ.

ಬ್ರಿಟನ್‌ನಲ್ಲಿ ಇದರ ವಿರುದ್ಧ 2006ರಲ್ಲಿ ‘ಚೇಂಜಿಂಗ್ ಪ್ಲೇಸಸ್’ ಅನ್ನೋ ಅಭಿಯಾನ ಶುರುವಾಯ್ತು. ಬೇಡಿಕೆ ಸರಳ: ದೊಡ್ಡವರು ಮಲಗುವಷ್ಟು ಉದ್ದದ ಬೆಂಚು, ಎತ್ತಿ ಕೂರಿಸೋ ಹಾಯ್ಸ್ಟ್ ಯಂತ್ರ, ಜೊತೆಗಿರೋರಿಗೂ ಜಾಗ. ಈಗ ಅದರ ಅಳತೆ ಸುಮಾರು 12 ಚದರ ಮೀಟರ್, ಅಂದ್ರೆ ಒಂದು ಪುಟ್ಟ ಬೆಡ್‌ರೂಮ್‌ನಷ್ಟು. ಇಂಗ್ಲೆಂಡ್‌ನಲ್ಲಿ ಹೊಸದಾಗಿ ಕಟ್ಟೋ ದೊಡ್ಡ ಮಾಲ್, ಸ್ಟೇಡಿಯಂಗಳಲ್ಲಿ 2021ರಿಂದ ಇದು ಕಡ್ಡಾಯ. ಕೇಳ್ತಾನೇ ಇದ್ದಿದ್ದಕ್ಕೆ ಹದಿನೈದು ವರ್ಷದಲ್ಲಿ ಸಿಕ್ಕಿತು.

ನಮ್ಮಲ್ಲಿ ಕಾನೂನು ಇಲ್ವಾ? ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಪ್ರವೇಶಸಾಧ್ಯತೆಯ ನಿಯಮಗಳು ಬರೀ ಸಲಹೆಯಾಗಿದ್ರೆ ಸಾಲದು, ಕಡ್ಡಾಯವಾಗಬೇಕು ಅಂತ ಹೇಳಿತು. ಆದರೆ ತೀರ್ಪು ಬಂದು ಬೀಗ ತೆಗೆಯಲ್ಲ. ಕೇಳೋರು ಬೇಕು.

ಹಾಗಾಗಿ ನಿಮಗೊಂದು ಕೆಲಸ. ಮುಂದಿನ ಸಲ ನೀಲಿ ಬೋರ್ಡ್ ಕಂಡಾಗ ನಿಂತು ನೋಡಿ. ಬಾಗಿಲು ತೆರೆಯುತ್ತಾ? ಹೊಸ್ತಿಲು ಅಡ್ಡ ಬರುತ್ತಾ? ವೀಲ್‌ಚೇರ್ ತಿರುಗಿಸಲು ಒಂದೂವರೆ ಮೀಟರ್ ಜಾಗ ಇದೆಯಾ? ಹಿಡಿಕೆ ಗಟ್ಟಿ ಇದೆಯಾ? ಯಾರೂ ಒಳಗಿಲ್ಲದಾಗ ಫೋಟೊ ತೆಗೆದು, ಜಾಗ, ದಿನಾಂಕ ಬರೆದು ನಿಮ್ಮ ನಗರಸಭೆಗೆ ಕಳಿಸಿ. ಉತ್ತರ ಬರದಿದ್ರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ವೀಲ್‌ಚೇರ್ ಬಳಸೋ ಗೆಳೆಯರಿದ್ರೆ ಮೊದಲು ಅವರನ್ನೇ ಕೇಳಿ, ಏನು ಬೇಕು ಅಂತ ಅವರಿಗೆ ಗೊತ್ತು.

ಮುಂದಿನ ಸಲ ನನ್ನ ಗೆಳತಿ ನೀರು ಕುಡ್ಕೊಂಡೇ ಮನೆಯಿಂದ ಹೊರಡಲಿ. ಅಷ್ಟೇ ಕೇಳ್ತಿರೋದು. ಸಿಗೋಣ.